ಖಾಲಿ ನಡಿಗೆ

ಫೆಬ್ರವರಿ 3, ಸೋಮವಾರ

ಇಂದಿನಿಂದ ನಾನು ಮೇಸ್ತ್ರಿ. ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ. ಆರು ವಾರಕ್ಕೆ ಮಾತ್ರ, ಆದರೂ ಮೇಸ್ತ್ರಿ.

ದೊಡ್ಡಮ್ಮ ಶನಿವಾರ ಲಾರಿಯ ಹಿಂಬದಿಯಿಂದ ಇಳಿಯುವಾಗ ಮಂಡಿ ತಿರುಚಿಕೊಂಡು ಬಿದ್ದಳು. ಇಪ್ಪತ್ತೆರಡು ವರ್ಷ ಊರಿನವರ ಬೀರು, ಮಂಚ, ಫ್ರಿಜ್ಜುಗಳನ್ನು ಮನೆಯಿಂದ ಮನೆಗೆ ಸಾಗಿಸಿದವಳನ್ನು ನಾವು ನಾಲ್ವರು ಸೇರಿ ಬೀರುವಿನ ಹಾಗೇ ಎತ್ತಿ ಆಸ್ಪತ್ರೆಗೆ ಸಾಗಿಸಿದೆವು. ನೋವಿನಲ್ಲೂ ಸುಮ್ಮನಿರಲಿಲ್ಲ. “ಎಡಗಡೆ ತಗ್ಗಿಸ್ರೋ, ಬಾಗಿಲ ಮೂಲೆ ನೋಡ್ಕೊಳ್ಳಿ” ಎನ್ನುತ್ತಲೇ ಇದ್ದಳು. ಆರು ವಾರ ಮೆಟ್ಟಿಲು ಹತ್ತುವಂತಿಲ್ಲ, ಆಮೇಲೆ ಹತ್ತಬಹುದು, ಆದರೆ ಹೊರುವ ಮಾತೇ ಇಲ್ಲ ಎಂದರು ಡಾಕ್ಟರು.

ಇವತ್ತು ಬೆಳಿಗ್ಗೆ ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿಕೊಂಡಳು. ಡ್ರೈವರಣ್ಣ, ಬಡಗಿ ಚಿಕ್ಕಪ್ಪ, ಹೌದಪ್ಪಣ್ಣ, ನಾನು.

“ಆರು ವಾರ ಇವಳು ಮೇಸ್ತ್ರಿ” ಎಂದಳು.

ಡ್ರೈವರಣ್ಣ ನನ್ನ ಕಡೆ ತಿರುಗಿದ. ಹನ್ನೊಂದು ವರ್ಷದಿಂದ ಲಾರಿ ಓಡಿಸುತ್ತಿರುವವನು. ಆ ಕೆಲಸ ತನಗೇ ಬರುತ್ತದೆ ಎಂದುಕೊಂಡಿದ್ದ, ಮುಖ ನೋಡಿದರೆ ಸಾಕಿತ್ತು.

“ಅಕ್ಕ, ಇವಳು ಬೆಳಗಾಯ್ತಲ್ಲ ಅಂತಾನೂ ತಕರಾರು ತೆಗೀತಾಳೆ.”

“ಅದಕ್ಕೇ.”

“ಅದಕ್ಕೇ ಅಂದ್ರೆ?”

“ಅದಕ್ಕೇ ಅಂದ್ರೆ ಅದಕ್ಕೇ. ಆರು ವಾರ ಆದ್ಮೇಲೆ ನಿಮ್ಮನ್ನೇ ಕೇಳ್ತೀನಿ, ಇವಳೇ ಇರ್ಬೇಕಾ ಬೇಡ್ವಾ ಅಂತ. ನಾನಂತೂ ಇನ್ನು ಹೊರೋ ಹಾಗಿಲ್ಲ.”

ಮನೆಯಲ್ಲಿ ನನ್ನ ಹೆಸರೇ ತಕರಾರು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ನಕಲು ಮಾಡಿದೆ ಎಂದು ನಾನೇ ಹೋಗಿ ಹೇಳಿದ್ದೆ. ಎಲ್ಲರೂ ಮಾಡಿದರು ಎಂದೂ ಹೇಳಿದೆ. ಉತ್ತರ ಬರೆಸಿದ್ದು ಮೇಷ್ಟ್ರೇ ಎಂದೂ ಹೇಳಿದೆ. ಮೂರನೆಯ ಮಾತು ವಾಪಸ್ಸು ತೆಗೆದುಕೊಂಡರೆ ಮೊದಲನೆಯದನ್ನು ಕ್ಷಮಿಸುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಶಾಲೆ ಅಲ್ಲಿಗೆ ಮುಗಿಯಿತು. ಅಮ್ಮ ಅತ್ತಳು. ದೊಡ್ಡಮ್ಮ ಬಂದು ನನ್ನ ಭುಜ ಮುಟ್ಟಿ ನೋಡಿ, “ಹೊರ್ತಾಳೆ, ಕಳ್ಸು” ಎಂದಳು. ಮೂರು ವರ್ಷವಾಯಿತು.

ಈಗ ಹತ್ತೊಂಬತ್ತು. ಇಷ್ಟು ವರ್ಷದಲ್ಲಿ ಯಾರೂ ನನ್ನ ಕೈಗೆ ಏನನ್ನೂ ನಂಬಿ ಕೊಟ್ಟಿರಲಿಲ್ಲ. ಆರು ವಾರದ ನಂತರವೂ ಇದು ನನ್ನಲ್ಲೇ ಉಳಿಯಬೇಕು. ಇಷ್ಟು ಆಸೆ ನನಗೆ ಯಾವುದರ ಮೇಲೂ ಹುಟ್ಟಿದ್ದಿಲ್ಲ. ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಫೆಬ್ರವರಿ 5, ಬುಧವಾರ

ಮೊದಲ ಕೆಲಸ. ನಿವೃತ್ತ ಅಂಚೆಯವರ ಮನೆ, ಮೊದಲ ಮಹಡಿ. ಮೂರು ಬಾಗಿಲಿನ ಬೀರು, ಹೊಲಿಗೆ ಯಂತ್ರ, ಎರಡು ಮಂಚ.

ಖಾಲಿ ನಡಿಗೆಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ದೊಡ್ಡಮ್ಮನಿಗೂ ಅಷ್ಟೇ ಹಿಡಿಯುತ್ತಿತ್ತು. ನೋಡಿದವರಿಗೆಲ್ಲ ನಗು ಬರುವ ಪದ್ಧತಿ ಇದು. ಮೇಸ್ತ್ರಿ ತನ್ನ ಯೋಜನೆ ಹೇಳುತ್ತಾಳೆ. ಆಮೇಲೆ ನಾಲ್ವರೂ ಬೀರು ಹಿಡಿದ ಹಾಗೆ ಕೈ ಚಾಚಿಕೊಂಡು, ಗಾಳಿಯನ್ನು ಹೊತ್ತು, ಕೋಣೆಯಿಂದ ಲಾರಿಯವರೆಗೆ ನಡೆಯುತ್ತೇವೆ. ತಿರುವಿನಲ್ಲಿ ಓರೆಯಾಗುತ್ತೇವೆ, ಮೆಟ್ಟಿಲಲ್ಲಿ ತಗ್ಗುತ್ತೇವೆ. ಎದುರು ಮನೆಯ ಮಕ್ಕಳು ಕಿಟಕಿಯಲ್ಲಿ ಜಮಾಯಿಸುತ್ತವೆ. ಲಾರಿಯ ಹತ್ತಿರ ನಿಂತು ಮೇಸ್ತ್ರಿ ಒಂದೇ ಪ್ರಶ್ನೆ ಕೇಳಬೇಕು: ನನ್ನ ತಪ್ಪೇನು? ಎಲ್ಲರಿಗಿಂತ ಹೊಸಬರು ಮೊದಲು ಹೇಳಬೇಕು, ಹಳಬರು ಕೊನೆಗೆ. ಹಳಬರು ಮೊದಲು ಬಾಯಿ ಬಿಟ್ಟರೆ ಹೊಸಬರ ಮಾತು ಗಂಟಲಲ್ಲೇ ಉಳಿಯುತ್ತದೆ ಎಂದು ದೊಡ್ಡಮ್ಮನ ಲೆಕ್ಕ. ನನಗಿಂತ ಹೊಸಬರು ಹೌದಪ್ಪಣ್ಣ ಒಬ್ಬರೇ, ಮೊನ್ನೆಯವರೆಗೆ ಅವರ ನಂತರ ಹೇಳುವವಳು ನಾನು.

ಇವತ್ತು ಕೇಳುವ ಸರದಿ ನನ್ನದು. ಕೇಳಿದೆ.

ಹೌದಪ್ಪಣ್ಣ ಎಂದಿನಂತೆ “ಹೌದು, ಸರಿಯಾಗಿದೆ” ಎಂದರು. ನಲವತ್ತೈದರ ಆಸುಪಾಸಿನ ಮನುಷ್ಯ, ಉಗ್ರಾಣದಲ್ಲಿ ಹದಿನಾಲ್ಕು ವರ್ಷ ಮೂಟೆ ಹೊತ್ತವರು. ನಮ್ಮಲ್ಲಿಗೆ ಬಂದು ಎರಡು ವರ್ಷ, ಒಮ್ಮೆಯೂ ಬೇರೆ ಮಾತು ಬಂದಿಲ್ಲ. ಅಡ್ಡಹೆಸರು ಹಾಗೇ ಬಿತ್ತು. ಅವರಿಗೆ ಬೇಸರವಿಲ್ಲ. ಬೇಸರವಾ ಎಂದು ಕೇಳಿದ್ದಕ್ಕೆ “ಹೌದು” ಎಂದು ನಕ್ಕಿದ್ದರು.

ಚಿಕ್ಕಪ್ಪ ಬೀರುವಿನ ಬಾಗಿಲು ಬಿಚ್ಚಬೇಕು ಎಂದ. ಬಿಚ್ಚಿದರೆ ಚೌಕಟ್ಟು ಸಡಿಲವಾಗುತ್ತದೆ ಎಂದೆ. ಡ್ರೈವರಣ್ಣ ಲಾರಿಯನ್ನು ಹಿಂಬದಿಯ ಗೇಟಿಗೆ ತರುತ್ತೇನೆ ಎಂದ. ಅಲ್ಲಿ ಇಳಿಜಾರು ಇದೆ ಎಂದೆ. ಮಂಚ ಮೊದಲು ಹೋಗಲಿ ಎಂದ. ಮಂಚ ಮೊದಲು ಹೋದರೆ ಬೀರುವಿಗೆ ಒರಗುವ ಜಾಗ ಸಿಗುವುದಿಲ್ಲ ಎಂದೆ. ಅವರು ಎತ್ತಿದ ಪ್ರತಿಯೊಂದಕ್ಕೂ ನನ್ನ ಬಳಿ ಉತ್ತರವಿತ್ತು. ಎಲ್ಲವೂ ಸರಿಯಾದ ಉತ್ತರ. ಒಂದು ಗೀರೂ ಬೀಳದೆ ಸಾಮಾನು ಸೇರಿತು.

ಮೂರು ವರ್ಷ ತಕರಾರು ತೆಗೆದದ್ದು ವ್ಯರ್ಥವಾಗಿಲ್ಲ. ಎದುರಾಳಿ ಎಲ್ಲಿಂದ ಬರುತ್ತಾನೆ ಎಂದು ನನಗೆ ಮೊದಲೇ ಗೊತ್ತಾಗುತ್ತದೆ.

ಫೆಬ್ರವರಿ 9, ಭಾನುವಾರ

ರಜೆ. ಮಧ್ಯಾಹ್ನವಿಡೀ ದೊಡ್ಡಮ್ಮನ ಮಂಚದ ಪಕ್ಕ ಕೂತಿದ್ದೆ. ಕಟ್ಟಿದ ಪಟ್ಟಿಯೊಳಗೆ ತುರಿಸುತ್ತದಂತೆ. ಮರದ ಸ್ಕೇಲು ತೂರಿಸಿ ತುರಿಸಿಕೊಟ್ಟೆ. ಬೆಕ್ಕಿನ ಹಾಗೆ ಕಣ್ಣು ಮುಚ್ಚಿದಳು.

“ಹ್ಞೂಂ, ಇನ್ನೂ ಕೆಳಗೆ. ಗುರುವಾರದ ಕೆಲಸದಲ್ಲಿ ಯಾರ್ಯಾರು ಏನಂದ್ರು?”

“ಚಿಕ್ಕಪ್ಪ ಹಗ್ಗ ಸಾಲಲ್ಲ ಅಂದ. ಸಾಲುತ್ತೆ ಅಂತ ಅಳೆದು ತೋರಿಸ್ದೆ. ಡ್ರೈವರಣ್ಣ ಬೇರೆ ರಸ್ತೆ ಅಂದ. ಅಲ್ಲಿ ಅಗೆದಿದ್ದಾರೆ ಅಂದೆ.”

“ನೀನಂದಿದ್ದು ಬೇಡ. ಅವರಂದಿದ್ದು ಹೇಳು.”

“ಹೇಳಿದ್ನಲ್ಲ.”

“ಅರ್ಧ ಹೇಳ್ದೆ. ಉಳಿದರ್ಧ ನಿನ್ನ ಭಾಷಣ. ಬಲಕ್ಕೆ ತುರಿಸು.”

ಮುದುಕಿಗೆ ಹೊರಗೆ ಹೋಗಲಾಗದ ಸಿಟ್ಟು. ನಾನು ಬೇಸರಪಟ್ಟುಕೊಳ್ಳಲಿಲ್ಲ. ಮುದುಕಿ ಎಂದು ಬರೆದದ್ದು ಗೊತ್ತಾದರೆ ಸ್ಕೇಲು ನನ್ನ ಬೆನ್ನಿಗೆ ಬೀಳುತ್ತದೆ. ಐವತ್ತೆಂಟಕ್ಕೆ ಯಾರೂ ಮುದುಕಿಯಾಗುವುದಿಲ್ಲವಂತೆ.

ಫೆಬ್ರವರಿ 13, ಗುರುವಾರ

ಇವತ್ತು ಯಾರೂ ತಕರಾರು ಎತ್ತಲಿಲ್ಲ. ಖಾಲಿ ನಡಿಗೆ ಎಂಟೇ ನಿಮಿಷ. ಒಂದೇ ದಿನ ಎರಡು ಮನೆ ಮುಗಿಸಿದೆವು. ದೊಡ್ಡಮ್ಮ ಒಂದೇ ದಿನ ಎರಡು ಮನೆ ಮಾಡಿದ್ದನ್ನು ನಾನಂತೂ ನೋಡಿಲ್ಲ.

ಫೆಬ್ರವರಿ 14, ಶುಕ್ರವಾರ

ಇವತ್ತೂ ಯಾರೂ ಏನೂ ಹೇಳಲಿಲ್ಲ. ನಾಲ್ಕು ನಿಮಿಷ. ಕೈ ಕುದುರಿದೆ.

ಫೆಬ್ರವರಿ 18, ಮಂಗಳವಾರ

ಚಿಕ್ಕಪ್ಪನ ಕೈಗೆ ಆರು ಹೊಲಿಗೆ.

ನಿವೃತ್ತ ನರ್ಸಮ್ಮನ ಗಾಜಿನ ಕಪಾಟು. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕೆಳಗಿನಿಂದ ಚಿಕ್ಕಪ್ಪ ಹೆಗಲು ಕೊಟ್ಟು ಎತ್ತಿದ, ಗಾಜು ಸಿಡಿಯಿತು. ಎಡ ಅಂಗೈಯಿಂದ ಮಣಿಕಟ್ಟಿನವರೆಗೆ ಸೀಳಿತು. ನರ್ಸಮ್ಮನೇ ಬಟ್ಟೆ ಸುತ್ತಿದರು. ಅವರ ಕೈ ಒಂದಿಷ್ಟೂ ನಡುಗಲಿಲ್ಲ. ನಾನು ಮೆಟ್ಟಿಲ ಮೇಲಿನ ಗಾಜು ಗುಡಿಸಿದೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಕೇಳಿದೆ.

“ಆ ತಿರುವಲ್ಲಿ ಅದು ತಿರುಗಲ್ಲ ಅಂತ ನಿಂಗೆ ಗೊತ್ತಿತ್ತಾ ಚಿಕ್ಕಪ್ಪ?”

“ಗೊತ್ತಿತ್ತು.”

“ಖಾಲಿ ನಡಿಗೆಯಲ್ಲೇ?”

“ಖಾಲಿ ನಡಿಗೆಯಲ್ಲೇ. ನನ್ನ ಮೊಣಕೈ ಗೋಡೆಗೆ ತಗುಲ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಕೇಳಿದ್ನಲ್ಲ, ತಪ್ಪೇನು ಅಂತ.”

ಚಿಕ್ಕಪ್ಪನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

“ಹೇಳಿದ್ರೆ ನೀನು ಉತ್ತರ ಕೊಡ್ತಿದ್ದೆ ಮಗಳೇ.”

ಫೆಬ್ರವರಿ 19, ಬುಧವಾರ

ಕೆಲಸ ರದ್ದು ಮಾಡಿದೆ. ಇಡೀ ಬೆಳಿಗ್ಗೆ ಅಂಗಳದಲ್ಲಿ ಕಂಬಳಿ ಒಗೆದೆ. ಸಾಮಾನಿಗೆ ಸುತ್ತುವ ಹಳೆಯ ಕಂಬಳಿಗಳು, ಹದಿನಾರು. ಒಗೆಯುವ ಅಗತ್ಯವಿರಲಿಲ್ಲ, ನನಗೆ ಏನನ್ನಾದರೂ ಬಡಿಯಬೇಕಿತ್ತು.

ಪ್ರಾಮಾಣಿಕವಾಗಿ ಬರೆಯುತ್ತೇನೆ, ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಮೇಲಲ್ಲ, ಅವರ ಮೇಲೆ. ಕೇಳಿದಾಗ ಹೇಳಬೇಕಾದವರು ಬಾಯಿ ಮುಚ್ಚಿಕೊಂಡಿದ್ದರು. ಡ್ರೈವರಣ್ಣನಿಗೆ ನಾನು ಎಡವುವುದೇ ಬೇಕಿತ್ತೇನೋ. ಹೌದಪ್ಪಣ್ಣನ ಮಾತು ಬಿಡು, ಭೂಕಂಪವಾದರೂ ಹೌದು ಎನ್ನುತ್ತಾರೆ. ಆದರೆ ಚಿಕ್ಕಪ್ಪ? ನನಗೆ ಉಳಿ ಹಿಡಿಯಲು ಕಲಿಸಿದ ಚಿಕ್ಕಪ್ಪ? ಉತ್ತರ ಕೊಡುವುದು ತಪ್ಪಾ? ಶಾಲೆಯಲ್ಲಿ ಮೇಷ್ಟ್ರ ಹತ್ತಿರ ಉತ್ತರವಿರಲಿಲ್ಲ, ಅದಕ್ಕೇ ಕೂಗಾಡಿದರು. ನಾನು ಕೂಗಾಡಲಿಲ್ಲ. ಕಾರಣ ಕೊಟ್ಟೆ. ಕಾರಣಕ್ಕೆ ಕಾರಣ ಕೊಟ್ಟು ಸೋಲಿಸಲಿ, ಸೋಲುತ್ತೇನೆ.

ಇದನ್ನೆಲ್ಲ ದೊಡ್ಡಮ್ಮನ ಮುಂದೆ ಸುರಿದೆ. ಅವಳು ಮಧ್ಯೆ ಒಂದು ಮಾತೂ ಆಡಲಿಲ್ಲ. ಮುಗಿಯಿತಾ ಎಂದು ಕೂಡ ಕೇಳಲಿಲ್ಲ. ನಾನು ಇನ್ನಷ್ಟು ಸುರಿದೆ. ಕೊನೆಗೆ ನನ್ನ ಬಳಿ ಏನೂ ಉಳಿಯಲಿಲ್ಲ.

“ನಿಮ್ಮ ದೊಡ್ಡಪ್ಪನ ಬಲಗೈ ನೆನಪಿದ್ಯಾ?” ಎಂದಳು.

ನೆನಪಿದೆ. ನನಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ಇಲಿ ಕಚ್ಚಿಕೊಂಡು ಹೋಯಿತು ಎಂದು ನಮ್ಮನ್ನೆಲ್ಲ ಹೆದರಿಸುತ್ತಿದ್ದರು.

“ಇಲಿ ಅಲ್ಲ ಅಂತ ಗೊತ್ತು.”

“ಇಲಿ ನಾನೇ. ಕಬ್ಬಿಣದ ತಿಜೋರಿ. ಹಲಗೆ ಮೇಲೆ ಜಾರಿಸೋಣ ಅಂದೆ. ಬೇಡ ಅಂದ್ರು. ವಾದ ಮಾಡ್ದೆ, ಗೆದ್ದೆ. ಮದುವೆಯಾದಾಗಿಂದ ಅವರ ಹತ್ರ ವಾದದಲ್ಲಿ ಒಂದು ದಿನ ಸೋತಿರ್ಲಿಲ್ಲ ನಾನು. ನಾಲಿಗೆ ಹಂಗಿತ್ತು ನಂದು, ನಿನ್ನ ಥರಾನೇ.”

“ಮೂರು ವರ್ಷ ಇದನ್ನ ಯಾಕೆ ಹೇಳ್ಲಿಲ್ಲ?”

“ನೀನು ಕೇಳಿಸ್ಕೊಳ್ಳೋ ಹಾಗಾದಾಗ ಹೇಳ್ದೆ. ಹೋಗು, ಚಿಕ್ಕಪ್ಪನಿಗೆ ಊಟ ಕಲಸಿ ಕೊಡು. ಎಡಚ ಅವನು, ಬಲಗೈಲಿ ತಿಂದ್ರೆ ಅಂಗಿಗೇ ಹೆಚ್ಚು.”

ಫೆಬ್ರವರಿ 22, ಶನಿವಾರ

ಲಾರಿ ಹೊರಡುವವರೆಗೆ ಯಾರಿಗೂ ಉತ್ತರ ಕೊಡಬಾರದು ಎಂದು ತೀರ್ಮಾನಿಸಿದೆ. ಖಾಲಿ ನಡಿಗೆ ಮುಗಿಸಿ ಕೇಳಿದೆ. ಹೌದಪ್ಪಣ್ಣ “ಹೌದು” ಎಂದರು. ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಿದ್ದ ಚಿಕ್ಕಪ್ಪ ಆಕಾಶ ನೋಡಿದ. ಡ್ರೈವರಣ್ಣ ಟೈರಿಗೆ ಒದ್ದು ನೋಡಿದ. ನಾನು ಕಾದೆ. ಅವರೂ ಕಾದರು. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ಯಾರಾದರೂ ತೀರಿಕೊಂಡರಾ ಎಂದು ಕೇಳಿದರು.

ಕೊನೆಗೆ ಡ್ರೈವರಣ್ಣನೇ ಬಾಯಿ ಬಿಟ್ಟ. “ಮೇಸ್ತ್ರಿ ಅಮ್ಮೋರೇ, ನಿಮ್ಮ ಚಪ್ಪಲಿ ಸರಿಯಿಲ್ಲ.”

ನನ್ನನ್ನು ಕೆಣಕಲು ಹೇಳಿದ್ದು. ಇದೇ ಚಪ್ಪಲಿಯಲ್ಲಿ ಮೂರು ವರ್ಷ ಹೊತ್ತಿದ್ದೇನೆ ಎನ್ನುವ ಮಾತು ಹಲ್ಲಿನವರೆಗೆ ಬಂದಿತ್ತು. ನುಂಗಿದೆ. ಕಾಲು ಎತ್ತಿ ನೋಡಿದೆ. ಹಿಮ್ಮಡಿ ಸವೆದು ನುಣ್ಣಗಾಗಿತ್ತು. ಲಾರಿಯ ಕ್ಯಾಬಿನ್ನಿನಲ್ಲಿದ್ದ ದೊಡ್ಡಮ್ಮನ ಹಳೇ ಬೂಟು ಹಾಕಿಕೊಂಡು ಬಂದೆ. ಎರಡು ಅಳತೆ ದೊಡ್ಡದು, ಒಳಗೆ ಕಾಗದ ತುರುಕಿದೆ.

ಡ್ರೈವರಣ್ಣ ನನ್ನ ಕಾಲನ್ನೇ ಬಹಳ ಹೊತ್ತು ನೋಡಿದ. ಆಮೇಲೆ ತಲೆ ಕೆರೆದುಕೊಂಡು, “ಇನ್ನೊಂದು. ಆ ಸೋಫಾ ನೀನು ಹೇಳ್ದ ಹಾಗೆ ಹೋಗಲ್ಲ” ಎಂದ.

ಅವನು ಹೇಳಿದ ಹಾಗೆ ತೆಗೆದುಕೊಂಡು ಹೋದೆವು. ನನ್ನದೂ ಹೋಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಫೆಬ್ರವರಿ 27, ಗುರುವಾರ

ಖಾಲಿ ನಡಿಗೆಗೆ ಅರ್ಧ ಗಂಟೆ. ನಾನು ಹಾಕಿದ ಮೂರು ಯೋಜನೆಗಳಲ್ಲಿ ಎರಡು ಈ ವಾರ ಬದಲಾದವು. ದಿನಕ್ಕೆ ಎರಡು ಮನೆ ಮಾಡುತ್ತಿದ್ದವಳಿಗೆ ಈಗ ಒಂದೇ ಮುಗಿಯುವುದು ಕಷ್ಟ. ನನ್ನ ಮೇಸ್ತ್ರಿಗಿರಿ ಹಾಳಾಗುತ್ತಿದೆ. ಉಳಿದಿರುವುದು ಎರಡೂವರೆ ವಾರ.

ಆದರೂ ಇವತ್ತು ಊಟದ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು. ಹೌದಪ್ಪಣ್ಣ ಮಾತ್ರ ಸುಮ್ಮನೆ ನಗುತ್ತಿದ್ದರು. ಇಷ್ಟು ಗದ್ದಲ ಹೋದ ವಾರ ಇರಲಿಲ್ಲ.

ಮಾರ್ಚ್ 5, ಬುಧವಾರ

ಬಂತು, ದೊಡ್ಡ ಕೆಲಸ. ಹಲ್ಲಿನ ಡಾಕ್ಟರಮ್ಮ ತಮ್ಮ ಕ್ಲಿನಿಕ್ಕನ್ನು ಎರಡನೇ ಮಹಡಿಗೆ ಒಯ್ಯುತ್ತಿದ್ದಾರೆ. ರೋಗಿಗಳನ್ನು ಕೂರಿಸುವ ಕುರ್ಚಿ, ತೂಕ ನೂರ ಎಂಬತ್ತು ಕಿಲೋ. ಮೆಟ್ಟಿಲು ಕಿರಿದು, ಮೂರು ತಿರುವು. ಸೋಮವಾರ ಬೆಳಿಗ್ಗೆ ಕ್ಲಿನಿಕ್ಕು ತೆರೆಯಲೇಬೇಕು. ಶುಕ್ರವಾರ ನಮ್ಮ ದಿನ.

ನೋಡಿದ ಕೂಡಲೇ ನನಗೆ ಹೊಳೆಯಿತು. ತಾರಸಿಯ ಮೇಲೆ ನೀರಿನ ಟ್ಯಾಂಕು ಎತ್ತಲು ಹಾಕಿಸಿದ ಕಬ್ಬಿಣದ ತೊಲೆಯೊಂದು ರಸ್ತೆಯ ಕಡೆ ಚಾಚಿಕೊಂಡಿದೆ. ಅದಕ್ಕೆ ಸರಪಳಿ ರಾಟೆ ಕಟ್ಟಿ ಕುರ್ಚಿಯನ್ನು ನೆಟ್ಟಗೆ ಮೇಲಕ್ಕೆ ಎಳೆಯುವುದು, ಬಾಲ್ಕನಿಯಲ್ಲಿ ಒಬ್ಬರು ನಿಂತು ಒಳಗೆ ಸೆಳೆದುಕೊಳ್ಳುವುದು. ಒಂದೇ ಗಂಟೆಯ ಕೆಲಸ. ಇವತ್ತೇ ತೊಲೆಗೆ ಹತ್ತು ಮರಳಿನ ಚೀಲ ನೇತುಹಾಕಿ ನೋಡಿದೆ, ಇನ್ನೂರು ಕಿಲೋ. ಕೂದಲೆಳೆಯಷ್ಟೂ ಬಾಗಲಿಲ್ಲ.

ಖಾಲಿ ನಡಿಗೆ ಮಾಡಿ ಕೇಳಿದೆ. ಹೌದಪ್ಪಣ್ಣ ಹೌದು ಎಂದರು. ಚಿಕ್ಕಪ್ಪ ಲೋಪ ಹುಡುಕಿದ, ಸಿಗಲಿಲ್ಲ. ಡ್ರೈವರಣ್ಣ ಮೇಲೆ ನೋಡಿ ಕೆಳಗೆ ನೋಡಿ, “ಲೇ, ಇದು ಅಕ್ಕನಿಗೂ ಹೊಳೀತಿರ್ಲಿಲ್ಲ” ಎಂದ.

ಡ್ರೈವರಣ್ಣನ ಬಾಯಿಂದ ಈ ಮಾತು ಬಂದದ್ದು ನಿಜ ಎಂದು ನಾಳೆ ನಂಬಲಿಕ್ಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಇದೊಂದು ಆದರೆ ಮೇಸ್ತ್ರಿ ಯಾರು ಎಂದು ಯಾರೂ ಕೇಳಬೇಕಾಗಿಲ್ಲ.

ಮಾರ್ಚ್ 6, ಗುರುವಾರ

ಸಂಜೆ ಅಂಗಳದಲ್ಲಿ ನಾಳೆಗಾಗಿ ಕಂಬಳಿ ಮಡಿಸುತ್ತಿದ್ದೆವು, ಹೌದಪ್ಪಣ್ಣ ಮತ್ತು ನಾನು. ಎರಡು ತುದಿ ಅವರು, ಎರಡು ತುದಿ ನಾನು. ಐದನೆಯದೋ ಆರನೆಯದೋ ಕಂಬಳಿ. ತುದಿಗಳನ್ನು ನನ್ನ ಕೈಗೆ ಕೊಡಲು ಹತ್ತಿರ ಬಂದವರು ಕೊಡಲಿಲ್ಲ.

“ಅದು ಬೇಡ ತಂಗಿ.”

“ಯಾವ್ದು, ಈ ಕಂಬಳಿನಾ?”

“ತೊಲೆ.”

ನನಗೆ ಕೇಳಿಸಿದ್ದು ಸರಿಯೇ ಎಂದು ಅವರ ಮುಖ ನೋಡಿದೆ. ಬೆವರಿದ್ದರು. ನಮ್ಮ ಹೌದಪ್ಪಣ್ಣ ಬೇಡ ಎಂದಿದ್ದರು.

“ನಿನ್ನೆ ಹೌದು ಅಂದ್ರಲ್ಲ ಅಣ್ಣ?”

“ಅಭ್ಯಾಸಕ್ಕೆ ಅಂದ್ಬಿಟ್ಟೆ. ಮನೆಗೆ ಹೋದ್ಮೇಲೆ ಊಟ ಸೇರ್ಲಿಲ್ಲ.”

“ಯಾಕೆ ಬೇಡ? ತೊಲೆ ತುಕ್ಕು ಹಿಡಿದಿದ್ಯಾ? ಗೋಡೆ ಬಿರುಕು ಬಿಟ್ಟಿದ್ಯಾ?”

“ಇಲ್ಲ.”

“ಸರಪಳಿ?”

“ಸರಪಳಿ ಚೆನ್ನಾಗಿದೆ.”

“ಮತ್ತೆ?”

“ಗೊತ್ತಿಲ್ಲ ತಂಗಿ. ಬೇಡ ಅನ್ಸುತ್ತೆ.”

ಕಂಬಳಿಯ ತುದಿ ಕೊಟ್ಟು ಹೊರಟುಹೋದರು.

ನನ್ನ ಬಳಿ ಇರುವ ಉತ್ತರಗಳು: ಇನ್ನೂರು ಕಿಲೋ ಹಾಕಿ ನೋಡಿದ್ದೇನೆ. ಡ್ರೈವರಣ್ಣ ಒಪ್ಪಿದ್ದಾನೆ, ಚಿಕ್ಕಪ್ಪ ಒಪ್ಪಿದ್ದಾನೆ. ಮೆಟ್ಟಿಲಿನಲ್ಲಿ ಹೋದರೆ ಒಂದು ಗಂಟೆಯ ಕೆಲಸಕ್ಕೆ ಇಡೀ ದಿನ ಬೇಕು. ಕುರ್ಚಿ ಬಿಚ್ಚಬೇಕು. ಚಿಕ್ಕಪ್ಪನ ಕೈ ಇನ್ನೂ ಮಾಗಿಲ್ಲ. ಅನ್ನಿಸಿಕೆ ಕಾರಣವಾಗುವುದಿಲ್ಲ. ಇನ್ನು ಹತ್ತು ದಿನಕ್ಕೆ ನನ್ನ ತೀರ್ಪಿದೆ.

ಅವರ ಬಳಿ ಇರುವುದು: ಬೇಡ ಅನ್ನಿಸುತ್ತದೆ.

ಅವರೇ ನಾಳೆ ಬಾಲ್ಕನಿಯಲ್ಲಿ ನಿಂತು ಕುರ್ಚಿಯನ್ನು ಒಳಗೆ ಎಳೆದುಕೊಳ್ಳಬೇಕಾದವರು.

ದೊಡ್ಡಮ್ಮನನ್ನು ಕೇಳೋಣ ಎಂದು ಬಾಗಿಲವರೆಗೆ ಹೋದೆ. ಅವಳು ರೇಡಿಯೋ ಕೇಳುತ್ತಾ ಕಾಲು ಕುಣಿಸುತ್ತಿದ್ದಳು, ಒಳ್ಳೆಯ ಕಾಲನ್ನು. ಕೇಳದೆ ವಾಪಸ್ಸು ಬಂದೆ. ಮೇಸ್ತ್ರಿ ಅವಳಲ್ಲವಲ್ಲ.

ಮಾರ್ಚ್ 7, ಶುಕ್ರವಾರ

ಮೆಟ್ಟಿಲು.

ಬೆಳಿಗ್ಗೆ ಏಳಕ್ಕೆ ಹೇಳಿದೆ. ಡ್ರೈವರಣ್ಣ ಲಾರಿಯ ಬಾಗಿಲು ಬಡಿದು ಕೆಳಗಿಳಿದ.

“ತಲೆ ಸರಿಯಿದ್ಯಾ? ಮೂರು ಜನ ಬೇಕು ಅಂತಿದೀವಿ, ಒಬ್ರು ಬೇಡ ಅಂತಿದಾರೆ, ಅದೂ ಕಾರಣ ಇಲ್ದೆ.”

“ಹೌದು, ಕಾರಣ ಇಲ್ಲ.”

“ನಿನ್ನೆವರ್ಗೂ ಕಾರಣ ಕಾರಣ ಅಂತ ನಮ್ಮ ಪ್ರಾಣ ತಿಂದೋಳು ನೀನು.”

“ಹೌದು.”

“ಇದೊಳ್ಳೆ ಕಥೆ. ಇವಳೂ ಹೌದಪ್ಪ ಆಗೋದ್ಳು.”

ಚಿಕ್ಕಪ್ಪನಿಗೂ ನಗು ತಡೆಯಲಾಗಲಿಲ್ಲ. ಹೌದಪ್ಪಣ್ಣ ಮಾತ್ರ ತಲೆ ತಗ್ಗಿಸಿ ನಿಂತಿದ್ದರು, ತಪ್ಪು ಮಾಡಿದವರ ಹಾಗೆ.

“ಎರಡು ವರ್ಷದಲ್ಲಿ ಅಣ್ಣ ಒಂದು ಸಲ ಬೇಡ ಅಂದಿದಾರೆ” ಎಂದೆ. “ಬಾಲ್ಕನಿಯಲ್ಲಿ ನಿಲ್ಲೋದೂ ಅವ್ರೇ. ನಂಗೆ ಇಷ್ಟೇ ಗೊತ್ತಿರೋದು. ಮೆಟ್ಟಿಲಲ್ಲಿ ಹೇಗೆ ಅಂತ ನಂಗೆ ಗೊತ್ತಿಲ್ಲ. ಅದನ್ನ ನೀವು ಹೇಳಿ.”

ಡ್ರೈವರಣ್ಣ ಬೈದುಕೊಳ್ಳುತ್ತಲೇ ಮೆಟ್ಟಿಲು ಹತ್ತಿ ಇಳಿದ. ಬೈದುಕೊಳ್ಳುತ್ತಲೇ ಹೇಳಿದ, ಕುರ್ಚಿಯ ಬುಡ ಬಿಚ್ಚಿ ತಲೆಕೆಳಗು ಮಾಡಿ ಹಲಗೆಯ ಮೇಲೆ ಕೂರಿಸಿದರೆ ಹಗ್ಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎಳೆಯಬಹುದು ಎಂದು. ಚಿಕ್ಕಪ್ಪ ಬಲಗೈಯಲ್ಲಿ ಬೋಲ್ಟು ಬಿಚ್ಚಿದ, ನಾನು ಅವನ ಎಡಗೈಯಾದೆ. ಪ್ರತಿ ತಿರುವಿನಲ್ಲೂ ಮೂವರೂ ಮೂರು ರೀತಿ ಹೇಳಿದರು. ಪ್ರತಿ ತಿರುವಿನಲ್ಲೂ ಇಳಿಸಿ, ಕೂತು, ನೀರು ಕುಡಿದು, ಒಂದನ್ನು ಆರಿಸಿಕೊಂಡೆ. ಎರಡನೆಯ ತಿರುವಿನಲ್ಲಿ ನಾನು ಆರಿಸಿದ್ದು ತಪ್ಪಾಯಿತು, ಅರ್ಧ ಗಂಟೆ ಹೋಯಿತು. ಯಾರ ಮಾತು ಕೇಳಿದೆನೋ ಅವನ ಹೆಸರು ಬರೆಯುವುದಿಲ್ಲ, ಲಾರಿ ಓಡಿಸುತ್ತಾನೆ.

ಮಧ್ಯಾಹ್ನ ಡಾಕ್ಟರಮ್ಮ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದರು. “ಇನ್ನೆಷ್ಟು ಹೊತ್ತು?”

“ಗೊತ್ತಿಲ್ಲ ಡಾಕ್ಟ್ರೇ. ಸಂಜೆ ಆಗ್ಬಹುದು.”

“ಪರ್ವಾಗಿಲ್ಲ, ನಿಜ ಹೇಳ್ತಿದೀಯ. ನಾನು ಎಲ್ರಿಗೂ ಐದೇ ನಿಮಿಷ ಅಂತೀನಿ.”

ನಾಲ್ಕು ಗಂಟೆಗೆ ಕುರ್ಚಿ ನಿಂತಿತು. ಒಂಬತ್ತು ಗಂಟೆಯ ಕೆಲಸ. ಯಾರಾದರೂ ಕೂತು ನೋಡಿ ಎಂದರು ಡಾಕ್ಟರಮ್ಮ. ಡ್ರೈವರಣ್ಣ ರಾಜನ ಹಾಗೆ ಒರಗಿದ. ಬಾಯಿ ತೆರೆಸಿ ದೀಪ ಹಾಕಿ ನೋಡಿದ ಡಾಕ್ಟರಮ್ಮ, ಹಿಂದಿನ ದವಡೆಯಲ್ಲಿ ಒಂದು ಹಲ್ಲು ತೆಗೆಯಬೇಕು, ಮಂಗಳವಾರ ಬನ್ನಿ ಎಂದರು. ಎದ್ದವನು ದಾರಿಯುದ್ದಕ್ಕೂ ನನ್ನನ್ನು ಬೈದ. ತೊಲೆಯಲ್ಲಿ ಎತ್ತಿದ್ದರೆ ಬೆಳಿಗ್ಗೆಯೇ ಮುಗಿಸಿ ಹೋಗಿರುತ್ತಿದ್ದನಂತೆ, ಹಲ್ಲು ಉಳಿಯುತ್ತಿತ್ತಂತೆ.

ಹೊರಡುವ ಮುಂಚೆ ನಾನೊಬ್ಬಳೇ ತಾರಸಿಗೆ ಹೋದೆ. ತೊಲೆಯನ್ನು ಬುಡದಿಂದ ತುದಿಯವರೆಗೆ ನೋಡಿದೆ, ಬಡಿದೆ, ಜೋತುಬಿದ್ದೆ. ಏನೂ ಕಾಣಲಿಲ್ಲ. ಗಟ್ಟಿಯಾಗಿಯೇ ಇತ್ತು. ಕೆಳಗೆ ಬಂದು ಎಲ್ಲರ ಮುಂದೆ ಹಾಗೇ ಹೇಳಿದೆ.

“ಇರಬಹುದು” ಎಂದರು ಹೌದಪ್ಪಣ್ಣ.

ಅವರು ಸರಿಯೋ ನಾನು ಸರಿಯೋ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಮೈಯೆಲ್ಲ ನೋವು. ಬೆಳಿಗ್ಗೆಯಿಂದ ಈಗಿನವರೆಗೆ ಹೌದಪ್ಪಣ್ಣ ಎರಡು ಹಾಡು ಗುನುಗಿದರು. ಅವರಿಗೆ ಹಾಡು ಬರುತ್ತದೆ ಎಂದೇ ನಮಗೆ ಗೊತ್ತಿರಲಿಲ್ಲ.

ಮಾರ್ಚ್ 11, ಮಂಗಳವಾರ

ಡ್ರೈವರಣ್ಣನ ಹಲ್ಲು ಕಿತ್ತರು. ಅರ್ಧ ದಿನ ಮಾತಾಡಲಿಲ್ಲ. ಖಾಲಿ ನಡಿಗೆಯಲ್ಲಿ ಅವನ ಸರದಿ ಬಂದಾಗ ಕೈಸನ್ನೆಯಲ್ಲೇ ನನ್ನ ಯೋಜನೆಯನ್ನು ಪೂರ್ತಿ ಹರಿದು ಹಾಕಿದ.

ಮಾರ್ಚ್ 16, ಭಾನುವಾರ

ದೊಡ್ಡಮ್ಮ ಕೋಲು ಹಿಡಿದು ಅಂಗಳಕ್ಕೆ ಬಂದಳು. ಮಗ್ಗುಲಲ್ಲಿ ಹಿಡಿದುಕೊಳ್ಳಲು ಹೋದರೆ ಕೋಲಿನಿಂದ ನನ್ನನ್ನೇ ಓಡಿಸಿದಳು. ಮಡಿಸಿಟ್ಟ ಕಂಬಳಿಗಳ ಮೇಲೆ ಕೂತು, “ಹೇಳಿ. ಇವಳೇ ಇರ್ಲಾ, ಬೇಡ್ವಾ? ಹೊಸಬ್ರು ಮೊದ್ಲು” ಎಂದಳು.

ಹೊಸಬರೆಂದರೆ ಹೌದಪ್ಪಣ್ಣ. ಅವರ ಮಾತು ಏನೆಂದು ಎಲ್ಲರಿಗೂ ಗೊತ್ತಿದ್ದದ್ದೇ. ಡ್ರೈವರಣ್ಣ ಆಗಲೇ ತನ್ನ ಸರದಿಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

“ಬೇಡ ಅಕ್ಕ” ಎಂದರು ಹೌದಪ್ಪಣ್ಣ.

ಡ್ರೈವರಣ್ಣ ಗಂಟಲು ಸರಿಮಾಡುವುದನ್ನು ಅರ್ಧಕ್ಕೇ ನಿಲ್ಲಿಸಿದ. ನನ್ನ ಕಿವಿ ಬಿಸಿಯಾಯಿತು.

“ಈ ಸಲ ಕಾರಣ ಇದೆ” ಎಂದು ನನ್ನ ಕಡೆ ತಿರುಗಿದರು. “ತಂಗಿಗೆ ದಾರಿ ಚೆನ್ನಾಗಿ ಕಾಣುತ್ತೆ. ಭಾರ ಇನ್ನೂ ಕಾಣಲ್ಲ. ಯಾರ ಹೆಗಲ ಮೇಲೆ ಎಷ್ಟು ಕೂತಿದೆ ಅಂತ ನಡಿಗೆ ನೋಡಿ ಗೊತ್ತಾಗ್ಬೇಕು. ಅವತ್ತು ಮೆಟ್ಟಿಲಲ್ಲಿ ಬಡಗಿಯಣ್ಣನಿಗೆ ಎರಡು ಸಲ ಹೆಚ್ಚಿಗೆ ಬಿತ್ತು, ತಂಗಿ ನೋಡ್ಲಿಲ್ಲ. ಇನ್ನೊಂದು ವರ್ಷ ಬೇಕು.”

ಚಿಕ್ಕಪ್ಪನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. ಹಾಗಾದರೆ ನಿಜ.

ನನ್ನ ಬಳಿ ಉತ್ತರವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕಾದರೂ ಇದ್ದವು. ಆದರೆ ಎರಡು ಸಲ ಎಂದರಲ್ಲ, ಯಾವ ಎರಡು ತಿರುವು ಎಂದು ತಿಳಿಯಬೇಕಿತ್ತು, ಅದನ್ನೇ ಕೇಳಿದೆ. ಹೌದಪ್ಪಣ್ಣ ಎದ್ದು ನಿಂತು ಚಿಕ್ಕಪ್ಪನ ನಡಿಗೆ ನಡೆದು ತೋರಿಸಿದರು. ಬಲಗಾಲು ಹೊರಕ್ಕೆ ವಾಲಿತ್ತು. ನೋಡಿದ ಮೇಲೆ ನನಗೂ ನೆನಪಾಯಿತು. ಅವತ್ತು ಕಣ್ಣೆದುರೇ ಇತ್ತು.

ಚಿಕ್ಕಪ್ಪ ನಾನೇ ಇರಲಿ ಎಂದ. ಡ್ರೈವರಣ್ಣ, “ಇರ್ಲಿ ಅಕ್ಕ. ಬೇರೆ ಯಾರಾದ್ರೂ ಮೇಸ್ತ್ರಿ ಆದ್ರೆ ಬೈಯೋಕೆ ಇಷ್ಟು ಅನುಕೂಲ ಆಗಲ್ಲ” ಎಂದ. ಕೊನೆಗೆ ದೊಡ್ಡಮ್ಮ ನನ್ನನ್ನು ಕೇಳಿದಳು. ಆಸೆಯಿದೆ ಎಂದೆ. ಬಹಳ ಆಸೆಯಿದೆ ಎಂದೂ ಹೇಳಿದೆ. ಆದರೆ ಅಣ್ಣ ಹೇಳಿದ್ದು ಸರಿ, ನನಗೆ ಭಾರ ಕಾಣಲಿಲ್ಲ ಎಂದೆ.

ದೊಡ್ಡಮ್ಮ ನಗಲು ಶುರುಮಾಡಿದಳು. ಮಂಡಿ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡು ನಕ್ಕಳು.

“ಎರಡು ವರ್ಷ ನನ್ನ ಮುಂದೆ ಈ ಮನುಷ್ಯ ಬಾಯಿ ಬಿಡ್ಲಿಲ್ವಲ್ಲೋ” ಎಂದಳು. ಆಮೇಲೆ ಕೋಲು ನೆಲಕ್ಕೆ ಕುಟ್ಟಿ, “ನಾಳೆಯಿಂದ ಇವಳೇ. ಮುಗೀತು” ಎಂದು ಎದ್ದಳು.

ಒಬ್ಬರು ಬೇಡ ಎಂದರು, ನಾನೂ ಹೆಚ್ಚು ಕಡಿಮೆ ಬೇಡ ಎಂದೆ. ಆದರೂ ನನ್ನನ್ನೇ ಇಟ್ಟಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಅವಳ ತಲೆಯಲ್ಲಿ ಏನು ಓಡುತ್ತದೋ ನನಗೆ ತಿಳಿಯದು.

ಎಲ್ಲರೂ ಹೋದ ಮೇಲೆ ಹೌದಪ್ಪಣ್ಣನನ್ನು ಗೇಟಿನ ಹತ್ತಿರ ಹಿಡಿದೆ. ಭಾರ ನೋಡುವುದನ್ನು ನನಗೆ ಕಲಿಸಿ ಎಂದೆ. ಸರಿ, ನಾಳೆಯಿಂದ ಎಂದರು. ಒಂದು ವರ್ಷ ಯಾಕೆ, ನನಗೆ ಆರು ತಿಂಗಳು ಸಾಕು ಎಂದೆ.

“ಇಲ್ಲ ತಂಗಿ” ಎಂದರು, ನಗುತ್ತಾ, ಒಂದಿಷ್ಟೂ ಬೆವರದೆ.